ಬ್ರಿಟನ್ನಿನ ಗೆರೆ, ಉತ್ತರ ಯುರೋಪಿನ ಗೆರೆ: ಮೆದುಮರದ ಸೌದೆ ಆಮದಿನ ಒಂದು ಪ್ರಕರಣ

ವರ್ಷವಾರು ಅಂಕಿಗಳ ನಕ್ಷೆಯಲ್ಲಿ (ಗ್ರಾಫ್) ಎರಡು ಗೆರೆಗಳಿದ್ದವು. ಕೆಳಗಿನದು ಬ್ರಿಟನ್ನಿನದು, ಮೇಲಿನದು ಉತ್ತರ ಯುರೋಪಿನದು. ತಲೆಬರಹ: ‘ಮೆದುಮರದ ಸೌದೆ, ಆಮದು ಮೌಲ್ಯ, ಸಾವಿರ ಡಾಲರ್‌ಗಳಲ್ಲಿ’. ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ತನ್ನ ಕಿರುಪ್ರಬಂಧಕ್ಕಾಗಿ ಅದನ್ನು ಬರೆದಿದ್ದಳು. ಅಂಕಿಗಳನ್ನು ತೆಗೆದುಕೊಂಡದ್ದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ದತ್ತಾಂಶ ಕೋಶದಿಂದ. ಅಲ್ಲಿ ದೇಶವನ್ನು ಆರಿಸಿದ ಪಟ್ಟಿಯಲ್ಲಿಯೇ ವಲಯವನ್ನೂ ಆರಿಸಬಹುದು. ನಕ್ಷೆಯ ಕೆಳಗೆ ಒಂದು ವಾಕ್ಯದ ತೀರ್ಮಾನವಿತ್ತು: ಉರುವಲು ಮರಕ್ಕಾಗಿ ಬ್ರಿಟನ್ ಹೊರಗಿನವರ ಮುಂದೆ ಕೈಚಾಚುವುದು ತನ್ನ ನೆರೆಹೊರೆಗಿಂತ ಬಹಳ ಕಡಿಮೆ.

ನಾನು ಕೇಳಿದ ಮೊದಲ ಪ್ರಶ್ನೆ, ‘ಇದರಲ್ಲಿ ಡ್ರಾಕ್ಸ್ ಎಲ್ಲಿದೆ?’ ಎಂದು. ಡ್ರಾಕ್ಸ್ ಎಂದರೆ ಮರದಿಂದ ಮಾಡಿದ ಉರುವಲನ್ನು ಉರಿಸುವ ಇಂಗ್ಲೆಂಡಿನ ದೊಡ್ಡ ವಿದ್ಯುತ್ ಸ್ಥಾವರ. ಅವಳು ಆ ಹೆಸರನ್ನು ಕೇಳಿದ್ದಳು. ನಕ್ಷೆಯಲ್ಲಿ ಅದು ಇರಲಿಲ್ಲ. ಒಂದೊಂದು ಅಂಕಿಯೂ ಮೂಲದಲ್ಲಿದ್ದಂತೆಯೇ ಇತ್ತು, ನಕಲು ಮಾಡುವಾಗ ಎಲ್ಲಿಯೂ ಕೈ ತಪ್ಪಿರಲಿಲ್ಲ. ಆದರೂ ತೀರ್ಮಾನ ತಲೆಕೆಳಗಾಗಿತ್ತು. ಹೀಗೆ ಹೇಗಾಯಿತು ಎಂದು ಅವಳೂ ನಾನೂ ಕುಳಿತು ಬಿಡಿಸುತ್ತ ಹೋದೆವು. ವ್ಯಾಪಾರದ ಅಂಕಿಗಳ ಜೊತೆ ದಿನಗಟ್ಟಲೆ ಕೂರುವವರಿಗೆ ಇಂತಹ ಗೆರೆಗಳು ಆಗಾಗ ಎದುರಾಗುತ್ತವೆ. ಆದ್ದರಿಂದ ಇದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಹೆಸರಿನೊಳಗೆ ಏನಿದೆ, ಏನಿಲ್ಲ

ಮೆದುಮರ ಎಂದರೆ ಮುಟ್ಟಿದರೆ ಮೆತ್ತಗಿರುವ ಮರ ಎಂದಲ್ಲ. ಪೈನ್, ಸ್ಪ್ರೂಸ್, ಫರ್, ಲಾರ್ಚ್‌ಗಳಂತೆ ಶಂಕು ಬಿಡುವ ಸೂಚಿಪರ್ಣಿ ಜಾತಿಯ ಮರ. ಬಾಲ್ಸಾ ಬೆಂಡಿನಷ್ಟು ಹಗುರ, ಉಗುರಿನಲ್ಲಿ ಗೀರಿದರೂ ಗುರುತು ಬೀಳುತ್ತದೆ. ಆದರೂ ಅದು ಗಟ್ಟಿಮರದ ಪಟ್ಟಿಯಲ್ಲಿದೆ. ನಮ್ಮ ಕರಾವಳಿಯ ಗಾಳಿಮರವನ್ನು ನೋಡಿ. ಹಳೆ ಮೈಸೂರಿನ ಕಡೆ ಅದನ್ನೇ ಸರ್ವೆ ಮರ ಎನ್ನುತ್ತಾರೆ. ಕಾರವಾರದ ಕಡಲತೀರದಲ್ಲಿ ನಿಂತು ನೋಡಿದರೆ ಪೈನ್ ಮರದ ತಮ್ಮನಂತೆ ಕಾಣುತ್ತದೆ: ಸೂಜಿಯಂತಹ ಎಸಳು, ಪುಟ್ಟ ಶಂಕುವಿನಂತಹ ಕಾಯಿ. ಆದರೆ ಅದು ಹೂ ಬಿಡುವ ಸಸ್ಯವರ್ಗಕ್ಕೆ ಸೇರಿದ್ದು. ಗಾಳಿಮರದ ಸೌದೆಯನ್ನು ಹಡಗಿಗೆ ಹಾಕಿದರೆ ಸುಂಕದ ಕಾಗದದಲ್ಲಿ ಅದು ಗಟ್ಟಿಮರದ ಸೌದೆ.

ಜಗತ್ತಿನ ಸುಂಕದ ಕಟ್ಟೆಗಳೆಲ್ಲ ಒಪ್ಪಿಕೊಂಡಿರುವ ಸರಕು ಸಂಕೇತಗಳಲ್ಲಿ ಸೌದೆಯ ಮನೆ 4401. ಅದರೊಳಗೆ ದಿಮ್ಮಿ, ಸೀಳು, ಕಡ್ಡಿ, ಕಡ್ಡಿಕಟ್ಟುಗಳ ರೂಪದಲ್ಲಿರುವ ಉರುವಲಿಗೆ 2017ರವರೆಗೆ 4401 10 ಎಂಬ ಒಂದೇ ಸಂಕೇತವಿತ್ತು. 2017ರ ಪರಿಷ್ಕರಣೆಯಲ್ಲಿ ಅದನ್ನು ಒಡೆದು ಸೂಚಿಪರ್ಣಿಗೆ 4401 11, ಉಳಿದದ್ದಕ್ಕೆ 4401 12 ಎಂದು ಮಾಡಿದರು. ‘ಮೆದುಮರದ ಸೌದೆ’ ಎಂಬ ಪ್ರತ್ಯೇಕ ಲೆಕ್ಕ ಜಗತ್ತಿನ ಮಟ್ಟದಲ್ಲಿ ಹುಟ್ಟಿದ್ದೇ ಆಗ. ಅದಕ್ಕಿಂತ ಹಿಂದಿನ ವರ್ಷಗಳಿಗೆ ಯಾರಾದರೂ ಇದೇ ಹೆಸರಿನ ಗೆರೆ ಎಳೆದಿದ್ದರೆ, ಅದು ಅಳೆದ ಗೆರೆಯಾಗಿರಲಾರದು, ಅಂದಾಜಿನದು. ಹೊಸ ಸಂಕೇತ ಬಂದ ಮೊದಲ ಒಂದೆರಡು ವರ್ಷಗಳನ್ನೂ ನಾನು ಎಚ್ಚರದಿಂದಲೇ ಓದುತ್ತೇನೆ. ಸುಂಕದ ಘೋಷಣೆ ತುಂಬುವ ಗುಮಾಸ್ತನ ಕೈ ಹಳೆಯ ಅಭ್ಯಾಸವನ್ನು ಒಂದೇ ದಿನದಲ್ಲಿ ಬಿಡುವುದಿಲ್ಲ.

ಇದೇ 4401ರ ಮನೆಯಲ್ಲಿ ಇನ್ನೂ ಕೋಣೆಗಳಿವೆ. 4401 21 ಸೂಚಿಪರ್ಣಿ ಮರದ ಚಿಪ್ಸ್. ಅವು ಕಾಗದದ ಗಿರಣಿಗೂ ಹೋಗುತ್ತವೆ, ಬಾಯ್ಲರಿಗೂ ಹೋಗುತ್ತವೆ. ಯಾವುದು ಯಾವುದಕ್ಕೆ ಎಂದು ಸಂಕೇತ ಹೇಳುವುದಿಲ್ಲ. 4401 31 ಪೆಲೆಟ್, ಅಂದರೆ ಮರದ ಹೊಟ್ಟನ್ನು ಒಣಗಿಸಿ ಒತ್ತಿ ಮಾಡಿದ ಗುಳಿಗೆ. ಇದಕ್ಕೆ 2012ರಲ್ಲಿ ಬೇರೆ ಸಂಕೇತ ಸಿಕ್ಕಿತು. ಪೆಲೆಟ್ಟಿನ ಸಂಕೇತದಲ್ಲಿ ಮೆದುಮರ, ಗಟ್ಟಿಮರ ಎಂಬ ಭೇದವೇ ಇಲ್ಲ. ಪೈನ್ ಮರವನ್ನು ಪುಡಿ ಮಾಡಿ ಗುಳಿಗೆ ಒತ್ತಿದ ಕ್ಷಣದಿಂದ ಅಂಕಿಅಂಶಗಳ ಲೋಕದಲ್ಲಿ ಅದು ಮೆದುಮರವಾಗಿ ಉಳಿಯುವುದಿಲ್ಲ.

ಗೋಡೆಯಾಚೆ ನಿಂತ ಬೆಟ್ಟ

ಇಂಗ್ಲೆಂಡಿನ ನಾರ್ತ್ ಯಾರ್ಕ್‌ಶೈರ್‌ನಲ್ಲಿ, ಸೆಲ್ಬಿ ಪಟ್ಟಣದ ಹತ್ತಿರ ಡ್ರಾಕ್ಸ್ ವಿದ್ಯುತ್ ಸ್ಥಾವರವಿದೆ. 1970 ಮತ್ತು 80ರ ದಶಕಗಳಲ್ಲಿ ಎರಡು ಹಂತಗಳಲ್ಲಿ ಕಲ್ಲಿದ್ದಲಿಗಾಗಿ ಕಟ್ಟಿ ಮುಗಿಸಿದ್ದು. 2013 ಮತ್ತು 2018ರ ನಡುವೆ ಅದರ ಆರು ಘಟಕಗಳ ಪೈಕಿ ನಾಲ್ಕನ್ನು ಮರದ ಪೆಲೆಟ್ಟಿಗೆ ಬದಲಾಯಿಸಿದರು. ಸುಮಾರು 2,600 ಮೆಗಾವಾಟ್ ಸಾಮರ್ಥ್ಯ. ಆ ಒಲೆ ತಿನ್ನುವ ಮರದ ಬಹುಭಾಗ ಅಟ್ಲಾಂಟಿಕ್ ದಾಟಿ ಬರುತ್ತದೆ: ಅಮೆರಿಕದ ಲೂಸಿಯಾನ, ಮಿಸಿಸಿಪ್ಪಿ ಕಡೆಯ ದಕ್ಷಿಣದ ಪೈನ್ ಮತ್ತು ಅದರ ಜೊತೆಗೆ ಬೆರೆತ ಬೇರೆ ಮರ, ಕೆನಡಾದ ಪಶ್ಚಿಮದ ಸ್ಪ್ರೂಸ್ ಮತ್ತು ಪೈನ್, ಬಾಲ್ಟಿಕ್ ತೀರದಿಂದಲೂ ಒಂದಷ್ಟು. ಹಡಗುಗಳು ಇಮ್ಮಿಂಗ್‌ಹ್ಯಾಮ್, ಹಲ್, ಲಿವರ್‌ಪೂಲ್‌ನಂತಹ ಬಂದರುಗಳಲ್ಲಿ ಇಳಿಸುತ್ತವೆ. ಅಲ್ಲಿಂದ ಮುಚ್ಚಿದ ವ್ಯಾಗನ್ನುಗಳ ರೈಲು. ಸ್ಥಾವರದ ಅಂಗಳದಲ್ಲಿ ಬಿಳಿಯ ನಾಲ್ಕು ಗುಮ್ಮಟಗಳು, ಒಂದೊಂದೂ ಸುಮಾರು 50 ಮೀಟರ್ ಎತ್ತರ. ನಾಲ್ಕೂ ಸೇರಿ ಮೂರು ಲಕ್ಷ ಟನ್ ಪೆಲೆಟ್ ಹಿಡಿಯುತ್ತವೆ.

2021ರಲ್ಲಿ ಬ್ರಿಟನ್ ಸುಮಾರು 90 ಲಕ್ಷ ಟನ್ ಪೆಲೆಟ್ ಆಮದು ಮಾಡಿಕೊಂಡಿತು. ಆ ಹೊತ್ತಿಗೆ ಅದು ಜಗತ್ತಿನ ಅತಿ ದೊಡ್ಡ ಪೆಲೆಟ್ ಆಮದುದಾರ ದೇಶ. ಈ ಬೆಟ್ಟದಷ್ಟು ಉರುವಲಿನಲ್ಲಿ ಒಂದು ಕಿಲೋ ಕೂಡ ನಮ್ಮ ವಿದ್ಯಾರ್ಥಿನಿಯ ನಕ್ಷೆಯಲ್ಲಿರಲಿಲ್ಲ. ಅವಳು ಆರಿಸಿದ್ದ ಸಾಲಿನ ವ್ಯಾಖ್ಯೆಯೇ ಪೆಲೆಟ್ಟನ್ನು ಹೊರಗಿಟ್ಟಿದೆ. ‘ಹೊರಗಿನವರ ಮುಂದೆ ಕೈಚಾಚುವುದು ಕಡಿಮೆ’ ಎಂಬ ಮಾತು ನಿಂತಿದ್ದದ್ದು ಈ ಖಾಲಿ ಜಾಗದ ಮೇಲೆ.

ಪೆಲೆಟ್ಟನ್ನು ಸೇರಿಸಿಬಿಡೋಣವೇ ಎಂದು ಅವಳು ಕೇಳಿದಳು. ಸೇರಿಸಿದರೆ ಗೆರೆಯ ಹೆಸರು ಸುಳ್ಳಾಗುತ್ತದೆ. ಅದರಲ್ಲಿ ಎಷ್ಟು ಮೆದುಮರ ಎಂಬುದು ಸುಂಕದ ಲೆಕ್ಕದಿಂದ ತಿಳಿಯುವುದಿಲ್ಲ. ಉರಿಸುವವರ ಕಡೆಯ ಲೆಕ್ಕವಾದರೂ ನೇರವಾಗಿರುತ್ತದೆ ಎನ್ನುವಂತಿಲ್ಲ. ಕೆನಡಾದಿಂದ ಬಂದ ಪೆಲೆಟ್ಟಿನಲ್ಲಿ ಯಾವ ಬಗೆಯ ಅರಣ್ಯದ, ಯಾವ ದರ್ಜೆಯ ಮರವಿದೆ ಎಂಬ ವಿವರವನ್ನು ಡ್ರಾಕ್ಸ್ ಸರಿಯಾಗಿ ವರದಿ ಮಾಡಲಿಲ್ಲವೆಂದು ಬ್ರಿಟನ್ನಿನ ಇಂಧನ ನಿಯಂತ್ರಕ ಆಫ್‌ಜೆಮ್ ತನಿಖೆಯಲ್ಲಿ ಕಂಡುಕೊಂಡಿತು. 2021ರ ಏಪ್ರಿಲ್‌ನಿಂದ 2022ರ ಮಾರ್ಚ್‌ವರೆಗಿನ ವರದಿಯ ವಿಷಯ ಅದು. 2024ರ ಆಗಸ್ಟ್‌ನಲ್ಲಿ ಕಂಪನಿ 2.5 ಕೋಟಿ ಪೌಂಡ್ ಕಟ್ಟಲು ಒಪ್ಪಿತು. ಮರ ಯಾವುದೆಂದು ಬರೆದಿಡುವುದಕ್ಕೆ ಅಷ್ಟು ಬೆಲೆಯಿದೆ.

ವಲಯವೆಂಬ ಮೊತ್ತ

ಈಗ ಮೇಲಿನ ಗೆರೆ. ಇಲ್ಲಿರುವ ತೊಡಕು ಸೌದೆಯೊಂದಕ್ಕೇ ಸೇರಿದ್ದಲ್ಲ, ಬಟ್ಟೆಗೂ ಬೇಳೆಗೂ ಇದೇ ಆಗುತ್ತದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವಿಶ್ವಸಂಸ್ಥೆಯ ವಿಂಗಡಣೆಯಲ್ಲಿ ಉತ್ತರ ಯುರೋಪ್ ಎಂದರೆ ಸ್ವೀಡನ್, ನಾರ್ವೆ, ಫಿನ್ಲೆಂಡ್, ಡೆನ್ಮಾರ್ಕ್, ಐಸ್‌ಲೆಂಡ್, ಎಸ್ಟೋನಿಯ, ಲಾಟ್ವಿಯ, ಲಿಥುವೇನಿಯ, ಐರ್ಲೆಂಡ್, ಮತ್ತು ಬ್ರಿಟನ್. ಹೌದು, ಬ್ರಿಟನ್ ಅದರೊಳಗೇ ಇದೆ. ಮೇಲಿನ ಗೆರೆಯಲ್ಲಿ ಕೆಳಗಿನ ಗೆರೆಯೂ ಸೇರಿಕೊಂಡಿತ್ತು. ಒಂದು ಭಾಗವನ್ನು ತನ್ನನ್ನೂ ಒಳಗೊಂಡ ಮೊತ್ತದ ಪಕ್ಕದಲ್ಲಿ ನಿಲ್ಲಿಸಿ ‘ನೋಡು, ಭಾಗ ಚಿಕ್ಕದು’ ಎಂದರೆ ಹೊಸದೇನನ್ನೂ ಹೇಳಿದಂತಾಗುವುದಿಲ್ಲ. ಇದು ಬೇಗ ಕಣ್ಣಿಗೆ ಬೀಳುವ ತಪ್ಪು. ಬ್ರಿಟನ್ನನ್ನು ಕಳೆದರೆ ಸರಿಹೋಗುತ್ತದೆ.

ಎರಡನೆಯದು ಕಣ್ಣಿಗೆ ಬೀಳುವುದಿಲ್ಲ. ವಲಯದ ಆಮದು ಎಂದರೆ ಅದರೊಳಗಿನ ದೇಶಗಳ ಆಮದುಗಳ ಬರಿಯ ಕೂಡಿಕೆ. ವಲಯದೊಳಗೇ ಒಬ್ಬರಿಂದೊಬ್ಬರಿಗೆ ಹೋದ ಸರಕೂ ಅದರಲ್ಲಿದೆ. ಒಂದು ಲಾರಿ ಕೊಬ್ಬರಿ ತಿಪಟೂರಿನಿಂದ ಅರಸೀಕೆರೆಗೆ ಹೋಯಿತೆನ್ನಿ. ಅದೇ ಲಾರಿ ಅಲ್ಲಿಂದ ಕಡೂರಿಗೆ, ಕಡೂರಿನಿಂದ ಚಿಕ್ಕಮಗಳೂರಿಗೆ. ಪ್ರತಿ ಊರೂ ತನ್ನ ಪುಸ್ತಕದಲ್ಲಿ ‘ಹೊರಗಿನಿಂದ ಒಂದು ಲಾರಿ ಬಂತು’ ಎಂದು ಬರೆಯುತ್ತದೆ. ಪುಸ್ತಕಗಳನ್ನು ಕೂಡಿದರೆ ಮೂರು ಲಾರಿ. ಈ ನಾಲ್ಕು ಊರುಗಳ ಸೀಮೆಗೆ ಹೊರಗಿನಿಂದ ಬಂದ ಕೊಬ್ಬರಿ ಎಷ್ಟು? ಸೊನ್ನೆ.

ಸೌದೆಯಲ್ಲಿ ಇದು ಹೀಗೆ ನಡೆಯುತ್ತದೆ. 2022ಕ್ಕೆ ಮುಂಚೆ ಬೆಲಾರುಸ್‌ನ ಕಾಡಿನ ಮರ ಗಡಿ ದಾಟಿ ಲಿಥುವೇನಿಯಕ್ಕೆ ಬಂದರೆ ಅದು ಲಿಥುವೇನಿಯದ ಆಮದು. ಅಲ್ಲಿ ಸೀಳಿ, ಗೂಡೊಲೆಯಲ್ಲಿ ಒಣಗಿಸಿ, ಬಲೆಚೀಲಕ್ಕೆ ತುಂಬಿ, ಬ್ರಿಟನ್ನಿಗೆ ಕಳಿಸಿದರೆ ಅದೇ ಮರ ಬ್ರಿಟನ್ನಿನ ಆಮದು. ವಲಯದ ಮೊತ್ತದಲ್ಲಿ ಎರಡು ಸಲ ಕುಳಿತಿತು, ಎರಡನೆಯ ಸಲ ಒಣಗಿಸಿದ ಕೂಲಿ, ಚೀಲ, ಲಾಭ, ಹಡಗಿನ ಬಾಡಿಗೆ ಎಲ್ಲವೂ ಸೇರಿ ಇನ್ನಷ್ಟು ದೊಡ್ಡದಾಗಿ. ಆಮದನ್ನು ಲೆಕ್ಕ ಹಾಕುವುದೇ ಬಾಡಿಗೆ, ವಿಮೆ ಸೇರಿದ ಬೆಲೆಯಲ್ಲಿ.

ಉತ್ತರ ಯುರೋಪಿನಲ್ಲಿ ಇಂತಹ ಒಳಹರಿವು ಇರುವುದು ಸಹಜ. ಸೌದೆ ಭಾರದ ವಸ್ತು, ಬೆಲೆ ಅಗ್ಗ. ದೂರ ಹೋದಷ್ಟೂ ಬಾಡಿಗೆಯೇ ಅದನ್ನು ತಿಂದುಹಾಕುತ್ತದೆ. ಹಾಗಾಗಿ ಅದು ಹತ್ತಿರದ ಗಡಿಯನ್ನೇ ದಾಟುತ್ತದೆ: ನಾರ್ವೆ ಮತ್ತು ಸ್ವೀಡನ್ ನಡುವೆ, ಎಸ್ಟೋನಿಯ ಮತ್ತು ಲಾಟ್ವಿಯ ನಡುವೆ, ಐರ್ಲೆಂಡ್ ದ್ವೀಪದ ಒಳಗಡಿಯ ಆಚೀಚೆ. ಫಿನ್ಲೆಂಡಿನ ನೆಲದ ಸುಮಾರು ಮುಕ್ಕಾಲು ಭಾಗ ಕಾಡು, ಸ್ವೀಡನ್ನಿನಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು. ಬ್ರಿಟನ್ನಿನಲ್ಲಿ ಶೇಕಡಾ 13. ಕಾಡು ತುಂಬಿದ ದೇಶಗಳ ಸಾಲಿನಲ್ಲಿ ಸೌದೆಯ ಆಮದು ಕಾಣಿಸಿದರೆ ಅವರಿಗೆ ಮರದ ಕೊರತೆಯಿದೆ ಎಂದು ಅರ್ಥವಲ್ಲ. ಗಿರಣಿಗೆ ಹತ್ತಿರದ ಕಾಡು ಗಡಿಯಾಚೆ ಇದೆ ಎಂದಷ್ಟೇ ಇರಬಹುದು. ಇಂತಹ ಆಮದನ್ನು ಪರಾವಲಂಬನೆ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ.

ಜನಸಂಖ್ಯೆಯನ್ನೂ ನೋಡಿದೆವು. ಬ್ರಿಟನ್ನಿನಲ್ಲಿ 2021ರ ಸುಮಾರಿಗೆ 6.7 ಕೋಟಿ ಜನ. ವಲಯದ ಉಳಿದೆಲ್ಲ ದೇಶಗಳೂ ಸೇರಿ ನಾಲ್ಕು ಕೋಟಿಗೆ ಸ್ವಲ್ಪ ಕಡಿಮೆ. ತಲೆಗೆ ಎಷ್ಟು ಎಂದು ಭಾಗಿಸಿದರೆ ಎರಡು ಗೆರೆಗಳ ನಡುವಿನ ಅಂತರ ಪೂರ್ತಿ ಬೇರೆಯೇ ಆಗುತ್ತದೆ. ಅವಳ ಮೊದಲ ನಕ್ಷೆಯಲ್ಲಿ ಈ ಭಾಗಾಕಾರ ಇರಲಿಲ್ಲ.

ಡಾಲರು, ತೂಕ, ತೇವ

ಮೌಲ್ಯವಿದ್ದದ್ದು ಡಾಲರಿನಲ್ಲಿ, ವ್ಯಾಪಾರ ನಡೆದದ್ದು ಪೌಂಡು, ಯೂರೋ, ಕ್ರೋನಾಗಳಲ್ಲಿ. 2022ರ ಜುಲೈಯಲ್ಲಿ ಯೂರೋ ಡಾಲರಿಗೆ ಸಮವಾಗಿ ಕುಸಿಯಿತು. ಅದೇ ವರ್ಷ ಸೆಪ್ಟೆಂಬರ್ 26ರಂದು ಪೌಂಡು 1.03 ಡಾಲರಿನ ಆಸುಪಾಸಿಗೆ ಇಳಿಯಿತು. ಉಕ್ರೇನ್ ಯುದ್ಧದಿಂದ ಅನಿಲ ದುಬಾರಿಯಾಗಿ ಯುರೋಪಿನ ಮನೆಗಳು ಸೌದೆಗೆ ಮುಗಿಬಿದ್ದ ವರ್ಷವೂ ಅದೇ. ಬೆಲಾರುಸ್‌ನ ಮರಕ್ಕೆ ಐರೋಪ್ಯ ಒಕ್ಕೂಟ ಮಾರ್ಚ್‌ನಲ್ಲಿ, ರಷ್ಯಾದ ಮರಕ್ಕೆ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು. ಹಂಗೆರಿ ಸೌದೆಯ ರಫ್ತನ್ನೇ ತಡೆಯಿತು. ಊರಿನ ನಾಣ್ಯದಲ್ಲಿ ಬೆಲೆ ಏರುತ್ತಿದ್ದಾಗ ಡಾಲರಿಗೆ ಪರಿವರ್ತಿಸುವ ದರ ಆ ಏರಿಕೆಯ ಒಂದು ಭಾಗವನ್ನು ನುಂಗಿತು. ಡಾಲರಿನ ಗೆರೆ ಮಾತ್ರ ನೋಡಿದವರಿಗೆ ಆ ಚಳಿಗಾಲದ ಬಿಸಿ ಪೂರ್ತಿ ತಟ್ಟುವುದಿಲ್ಲ.

ಹಾಗಾದರೆ ಮೌಲ್ಯ ಬಿಟ್ಟು ಪ್ರಮಾಣ ನೋಡೋಣ ಎಂದಳು. ಅಲ್ಲಿ ತೇವದ ಕಾಟ. ಸುಂಕದವರು ಅಳೆಯುವುದು ಕಿಲೋಗಳಲ್ಲಿ, ಅರಣ್ಯದ ಅಂಕಿಅಂಶದವರು ಬರೆಯುವುದು ಘನ ಮೀಟರಿನಲ್ಲಿ. ನಡುವೆ ಒಂದು ಸಿದ್ಧ ಗುಣಕವಿದೆ: ಮೆದುಮರದ ಸೌದೆ ಒಂದು ಟನ್ನಿಗೆ 1.6 ಘನ ಮೀಟರ್. ಇದು ಗೂಡೊಲೆಯಲ್ಲಿ ಒಣಗಿಸಿದ ಮರದ ಲೆಕ್ಕವಲ್ಲ. ಈಗ 24 ಟನ್ ಹೊತ್ತ ಲಾರಿಯೊಂದನ್ನು ಇಟ್ಟುಕೊಳ್ಳಿ. ಗುಣಕದ ಪ್ರಕಾರ ಅದರಲ್ಲಿ 38.4 ಘನ ಮೀಟರ್ ಮರ. ಆದರೆ ಗೂಡೊಲೆಯಲ್ಲಿ ಒಣಗಿಸಿದ ಸ್ಪ್ರೂಸ್ ಘನ ಮೀಟರಿಗೆ ಸುಮಾರು 450 ಕಿಲೋ ತೂಗುತ್ತದೆ. ಹಾಗಾದರೆ ಲಾರಿಯಲ್ಲಿರುವುದು 53 ಘನ ಮೀಟರ್. ಬೆಲೆ ಒಂದೇ, ಲಾರಿ ಒಂದೇ. ಘನ ಮೀಟರಿನ ದರ ಮಾತ್ರ ಶೇಕಡಾ 40ರಷ್ಟು ಹೆಚ್ಚಾಗಿ ಕಾಣುತ್ತದೆ. ಒಣ ಸೌದೆ ತರಿಸುವ ದೇಶವೂ ಹಸಿ ಸೌದೆ ತರಿಸುವ ವಲಯವೂ ಒಂದೇ ಗುಣಕದಲ್ಲಿ ಬಿದ್ದರೆ, ಮೊದಲನೆಯದು ದುಂದುಗಾರನಂತೆ ಕಾಣುತ್ತದೆ. ಒಲೆಯ ಮುಂದೆ ಕುಳಿತವರಿಗೆ ನಿಜ ಗೊತ್ತು. ಅರ್ಧ ನೀರೇ ಇರುವ ಹಸಿ ಮರದ ಒಂದು ಕಿಲೋ ಎರಡು ಕಿಲೋವಾಟ್ ಗಂಟೆಗಿಂತ ಸ್ವಲ್ಪ ಹೆಚ್ಚು ಶಾಖ ಕೊಟ್ಟರೆ, ತೇವ ಶೇಕಡಾ 20ಕ್ಕೆ ಇಳಿದ ಮರ ಸುಮಾರು ನಾಲ್ಕು ಕೊಡುತ್ತದೆ.

ಬ್ರಿಟನ್ ಒಣ ಸೌದೆಯ ಕಡೆ ವಾಲಿದ್ದಕ್ಕೆ ಕಾನೂನಿನ ಕಾರಣವೂ ಇದೆ. 2021ರ ಮೇ 1ರಿಂದ ಇಂಗ್ಲೆಂಡಿನಲ್ಲಿ ಎರಡು ಘನ ಮೀಟರಿಗಿಂತ ಕಡಿಮೆ ಅಳತೆಯಲ್ಲಿ ಮಾರುವ ಸೌದೆಯಲ್ಲಿ ತೇವ ಶೇಕಡಾ 20 ಮೀರಬಾರದು. ಹೊಗೆಯ ಕಣಗಳನ್ನು ತಗ್ಗಿಸಲು ಮಾಡಿದ ನಿಯಮ. ಪೆಟ್ರೋಲ್ ಬಂಕಿನ ಬಾಗಿಲ ಬಳಿ ಬಲೆಚೀಲಗಳನ್ನು ಪೇರಿಸಿಟ್ಟಿರುತ್ತಾರೆ. ಚೀಲಕ್ಕೆ ‘ರೆಡಿ ಟು ಬರ್ನ್’ ಗುರುತಿನ ಚೀಟಿ. ಕೆಲವು ಚೀಟಿಗಳಲ್ಲಿ ಲಾಟ್ವಿಯ ಅಥವಾ ಲಿಥುವೇನಿಯ ಎಂಬ ಹೆಸರು. ದೊಡ್ಡ ಚೀಲದಲ್ಲಿರುವ ದಿಮ್ಮಿ ಸಾಮಾನ್ಯವಾಗಿ ಬರ್ಚ್, ಆಲ್ಡರ್, ಆ್ಯಶ್, ಅಂದರೆ ಗಟ್ಟಿಮರ. ಅದರ ಪಕ್ಕದ ಪುಟ್ಟ ಚೀಲದಲ್ಲಿ ಬೆರಳು ಗಾತ್ರದ ಸೀಳುಗಳು, ಒಲೆ ಹೊತ್ತಿಸಲು: ಅದು ಮೆದುಮರ. ಅದರಲ್ಲಿ ರಾಳವಿರುವುದರಿಂದ ಬೇಗ ಹೊತ್ತಿಕೊಳ್ಳುತ್ತದೆ. ಬ್ರಿಟನ್ನಿನ ಮನೆಯೊಲೆಯಲ್ಲಿ ಮೆದುಮರಕ್ಕೆ ಹೆಚ್ಚಾಗಿ ಸಿಗುವ ಕೆಲಸ ಇದೇ. ದೇಶದ ಗೆರೆ ತಗ್ಗಿನಲ್ಲಿರುವುದಕ್ಕೆ ಈ ರೂಢಿಯೂ ಒಂದು ಕಾರಣ. ಮನೆಯ ಮರವೂ ಉಂಟು: 2021ರ ನವೆಂಬರ್ 26ರ ರಾತ್ರಿ ಬೀಸಿದ ಆರ್ವೆನ್ ಬಿರುಗಾಳಿ ಸ್ಕಾಟ್ಲೆಂಡ್ ಮತ್ತು ಈಶಾನ್ಯ ಇಂಗ್ಲೆಂಡಿನಲ್ಲಿ ಲಕ್ಷಾಂತರ ಮರಗಳನ್ನು ಉರುಳಿಸಿತು, ಅವುಗಳಲ್ಲಿ ಬಹಳಷ್ಟು ನೆಡುತೋಪಿನ ಸ್ಪ್ರೂಸ್.

ಲೆಕ್ಕ ಬರೆಯುವ ಪುಸ್ತಕವೇ ಬದಲಾದಾಗ

ಅವಳ ಬ್ರಿಟನ್ ಗೆರೆ 2022ರಲ್ಲಿ ಜಿಗಿದಿದ್ದರೆ ಅದಕ್ಕೆ ಯುದ್ಧವೇ ಕಾರಣ ಎಂದು ಬರೆಯಲು ಅವಳು ಸಿದ್ಧಳಾಗಿದ್ದಳು. ತಡೆದೆ. ಆ ವರ್ಷ ಬದಲಾದದ್ದು ಮಾರುಕಟ್ಟೆ ಮಾತ್ರವಾಗಿರಲಿಲ್ಲ. ಬ್ರಿಟನ್ 2020ರ ಜನವರಿ 31ರಂದು ಐರೋಪ್ಯ ಒಕ್ಕೂಟದಿಂದ ಹೊರಬಂದಿತು. ಒಕ್ಕೂಟದೊಳಗಿನ ವ್ಯಾಪಾರಕ್ಕೆ ಸುಂಕದ ಘೋಷಣೆ ಇರುವುದಿಲ್ಲ; ಇಂಟ್ರಾಸ್ಟ್ಯಾಟ್ ಎಂಬ ಸಮೀಕ್ಷೆಯಿಂದ ಅಂಕಿ ಬರುತ್ತದೆ. ಅದಕ್ಕೆ ಮಿತಿಯಿದೆ: ಬ್ರಿಟನ್ನಿನಲ್ಲಿ ವರ್ಷಕ್ಕೆ 15 ಲಕ್ಷ ಪೌಂಡಿಗಿಂತ ಹೆಚ್ಚು ತರಿಸುವವರು ಮಾತ್ರ ವಿವರ ಕೊಡಬೇಕಿತ್ತು. ಸೌದೆ ಸಣ್ಣ ವ್ಯಾಪಾರಿಗಳ ಸರಕು. ಎರಡು ಲಾರಿ ಇಟ್ಟುಕೊಂಡು ಲಾಟ್ವಿಯದಿಂದ ಚೀಲ ತರಿಸುವವನು ಆ ಮಿತಿಯ ಕೆಳಗೇ ಉಳಿಯುತ್ತಾನೆ. ಅಂಥವರ ವ್ಯಾಪಾರವನ್ನು ಅಂದಾಜಿನಿಂದ ತುಂಬುತ್ತಾರೆ, ಆದರೆ ಅಂದಾಜಿನಲ್ಲಿ 4401 11ರಷ್ಟು ಸಣ್ಣ ಕೋಣೆಯೊಳಗೆ ಇಣುಕಿ ನೋಡುವುದು ಕಷ್ಟ.

ಗ್ರೇಟ್ ಬ್ರಿಟನ್ನಿಗೆ ಒಕ್ಕೂಟದಿಂದ ಬರುವ ಸರಕಿಗೆ 2021ರ ಕೊನೆಯವರೆಗೂ ಈ ಸಮೀಕ್ಷೆಯೇ ಆಧಾರವಾಗಿತ್ತು. 2022ರ ಜನವರಿಯಿಂದ ಸುಂಕದ ಘೋಷಣೆ ಆಧಾರವಾಯಿತು. ಸಣ್ಣವನೂ ಈಗ ಕಾಗದ ತುಂಬಬೇಕು. ಉತ್ತರ ಐರ್ಲೆಂಡಿನಲ್ಲಿ ಮಾತ್ರ ಹಳೆಯ ಸಮೀಕ್ಷೆ ಮುಂದುವರಿಯಿತು. ಮೇಲಿನ ಗೆರೆಯಲ್ಲೂ ಇದೇ ಬೆರಕೆ: ನಾರ್ವೆ ಮತ್ತು ಐಸ್‌ಲೆಂಡ್ ಎಂದಿಗೂ ಒಕ್ಕೂಟದವರಲ್ಲ, ಅವರದು ಮೊದಲಿನಿಂದಲೂ ಸುಂಕದ ಲೆಕ್ಕ, ಉಳಿದವರ ನಡುವಿನದು ಸಮೀಕ್ಷೆಯ ಲೆಕ್ಕ. ಎರಡು ಬಗೆಯ ಬಳ್ಳದಿಂದ ಅಳೆದ ಅಕ್ಕಿಯನ್ನು ಒಂದೇ ರಾಶಿಗೆ ಸುರಿದಂತೆ. ನನಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ಬೇಸರ ತರಿಸುವ ಸಂಗತಿ ಇದು. ದತ್ತಾಂಶ ಕೋಶದಿಂದ ಇಳಿಸಿಕೊಂಡ ಸಾಲಿನಲ್ಲಿ 2021ರ ಅಂಕಿಯ ಪಕ್ಕದಲ್ಲೇ 2022ರ ಅಂಕಿ ಏನೂ ಆಗಿಲ್ಲವೆಂಬಂತೆ ಕುಳಿತಿರುತ್ತದೆ. ಓದುವವರು ಕಷ್ಟಪಟ್ಟು ಹುಡುಕದ ಹೊರತು ಆ ಬಿರುಕು ತಿಳಿಯುವುದಿಲ್ಲ.

ಮತ್ತೆ ಬರೆದ ನಕ್ಷೆ

ಹೊಸದನ್ನು ಕಟ್ಟಲು ಮೂರು ಸಂಜೆ ಬೇಕಾಯಿತು. ವಲಯದ ಸಿದ್ಧ ಮೊತ್ತವನ್ನು ಕೈಬಿಟ್ಟೆವು. ಯಾವ ದೇಶ ಯಾವ ದೇಶದಿಂದ ಎಷ್ಟು ತರಿಸಿತು ಎಂಬ ಜೋಡಿ ಅಂಕಿಗಳು ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ಕೋಶದಲ್ಲಿ ಸಿಗುತ್ತವೆ. ಅದರಿಂದ ಬ್ರಿಟನ್ ಬಿಟ್ಟ ಒಂಬತ್ತು ದೇಶಗಳ ಪಟ್ಟಿ ಮಾಡಿ, ಅವು ಒಂದರಿಂದೊಂದು ತರಿಸಿದ್ದನ್ನು ಕಳೆದು, ಆ ವೃತ್ತದ ಹೊರಗಿನಿಂದ ಬಂದದ್ದನ್ನು ಮಾತ್ರ ಉಳಿಸಿಕೊಂಡೆವು. ಒಂಬತ್ತು ದೇಶಗಳ ಒಳಹರಿವನ್ನು ಬೇರೆ ಗೆರೆಯಾಗಿ ಕೆಳಗೆ ತೋರಿಸಿದೆವು, ಅದನ್ನು ಮುಚ್ಚಿಡುವುದೂ ತಪ್ಪು. ಲಾಟ್ವಿಯ ಬ್ರಿಟನ್ನಿಗೆ ಮಾರಿದೆನೆಂದು ಬರೆದದ್ದನ್ನೂ ಬ್ರಿಟನ್ ಲಾಟ್ವಿಯದಿಂದ ಕೊಂಡೆನೆಂದು ಬರೆದದ್ದನ್ನೂ ಎದುರುಬದುರು ಇಟ್ಟೆವು. ಅವು ಸರಿಸಮ ಆಗುವುದಿಲ್ಲ, ಆಗಬೇಕೆಂದೂ ಇಲ್ಲ: ಮಾರುವವನ ಬೆಲೆಯಲ್ಲಿ ಬಾಡಿಗೆ, ವಿಮೆ ಇರುವುದಿಲ್ಲ. ಅಂತರ ತೀರಾ ಹೆಚ್ಚಿದ ವರ್ಷಗಳಿಗೆ ಚುಕ್ಕೆ ಹಾಕಿದೆವು. ಗೆರೆ 2017ರಿಂದಲೇ ಶುರು. 2021 ಮತ್ತು 2022ರ ನಡುವೆ ಮೇಲಿನಿಂದ ಕೆಳಗೆ ಒಂದು ಕಡಿದ ಗೆರೆ.

ಪೆಲೆಟ್ಟಿಗೆ ಬೇರೆಯೇ ನಕ್ಷೆ, ಟನ್ನುಗಳಲ್ಲಿ. ಎರಡನ್ನೂ ಒಂದೇ ಪುಟದಲ್ಲಿ, ಒಂದರ ಕೆಳಗೊಂದು ಇಟ್ಟಾಗ ಅವಳು ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಮೇಲಿನ ನಕ್ಷೆಯಲ್ಲಿ ಬ್ರಿಟನ್ ತಗ್ಗಿನಲ್ಲಿತ್ತು, ಕೆಳಗಿನದರಲ್ಲಿ ಬೆಟ್ಟದ ಮೇಲೆ. ಹಳೆಯ ತೀರ್ಮಾನವನ್ನು ಹೊಡೆದುಹಾಕಿ ಹೊಸದನ್ನು ಬರೆದಳು: ದಿಮ್ಮಿ ಮತ್ತು ಸೀಳಿನ ರೂಪದಲ್ಲಿ ಬ್ರಿಟನ್ ತರಿಸುವ ಮೆದುಮರ ಸ್ವಲ್ಪ, ಗುಳಿಗೆಯ ರೂಪದಲ್ಲಿ ತರಿಸುವ ಉರುವಲು ಮರ ಅದಕ್ಕೆ ಹೋಲಿಸಲಾಗದಷ್ಟು ದೊಡ್ಡದು, ಅದರ ಮುಖ್ಯ ಮೂಲ ಉತ್ತರ ಯುರೋಪಿನ ಹೊರಗಿದೆ.

ಕೊನೆಗೆ ಒಂದು ಕೋಷ್ಟಕ. ವರ್ಷ, ದೇಶ, ದಿಮ್ಮಿಯಲ್ಲಿ ಮೆದುಮರ, ಚಿಪ್ಸ್‌ನಲ್ಲಿ ಮೆದುಮರ, ಪೆಲೆಟ್ಟಿನಲ್ಲಿ ಮೆದುಮರ. ಕೊನೆಯ ಅಂಕಣಕ್ಕೆ ಬಂದಾಗ ಶೇಕಡಾವಾರು ಏನಾದರೂ ಊಹಿಸಿ ತುಂಬಲೇ ಎಂದು ಕೇಳಿದಳು. ಬೇಡ ಎಂದೆ. ಆ ಅಂಕಣದಲ್ಲಿ ಮೇಲಿನಿಂದ ಕೆಳಗಿನವರೆಗೆ ಅವಳು ಬರೆದದ್ದು ಎರಡೇ ಪದ: ‘ಸಂಕೇತದಲ್ಲಿ ಬೇರ್ಪಡಿಸಿಲ್ಲ’.